ಹೈದರಾಬಾದಿನ ಕನ್ನಡ ಪ್ರಾಥಮಿಕ ಶಿಕ್ಷಣ: ವಿಷಯಗಳ ಸಹಸಂಬಂಧದ ಪ್ರಶ್ನೆ

ಪ್ರಾಥಮಿಕ ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಭಾಷೆಗೆ ಎರಡು ಬಗೆಯ ಸ್ಥಾನ ದೊರೆಯಬಹುದು. ಒಂದು, ಅದು ಉಳಿದ ವಿಷಯಗಳ ಸಾಲಿನಲ್ಲಿ ತಾನೂ ಒಂದಾಗಿ ನಿಲ್ಲುವುದು. ದಿನಕ್ಕೊಂದು ಅವಧಿ, ವರ್ಷಕ್ಕೊಂದು ಪುಸ್ತಕ, ಕೊನೆಗೊಂದು ಪ್ರಶ್ನಪತ್ರಿಕೆ. ಇನ್ನೊಂದು, ಗಣಿತ, ಪರಿಸರ ಅಧ್ಯಯನ, ಚಿತ್ರ, ಆಟ ಎಲ್ಲವೂ ಆ ಭಾಷೆಯಲ್ಲಿಯೇ ನಡೆಯುವುದು. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಕನ್ನಡ ಶಾಲೆ ನಡೆಸುವವರಿಗೆ ಈ ಭೇದವನ್ನು ಕುರಿತು ಯೋಚಿಸುವ ಅಗತ್ಯ ಬಹುಕಾಲ ಬಿದ್ದಿರಲಿಲ್ಲ. ಹೈದರಾಬಾದಿನ ಕನ್ನಡಿಗರಿಗಾದರೋ ತಲೆಮಾರಿನಿಂದ ತಲೆಮಾರಿಗೆ ಇದೇ ಮುಖ್ಯ ಪ್ರಶ್ನೆಯಾಗಿದೆ. ಭಾಷೆ ವಿಷಯಗಳ ನಡುವೆ ಸಂಚರಿಸುವ ಹಾದಿ ಎಲ್ಲಿ ಮುಚ್ಚುತ್ತದೆಯೋ ಅಲ್ಲಿ ಕನ್ನಡ ಕೇವಲ ಪದ್ಯ ಕಂಠಪಾಠದ ಭಾಷೆಯಾಗಿ ಉಳಿಯುತ್ತದೆ ಎಂಬುದಕ್ಕೆ ಈ ನಗರದ ಅನುಭವ ಸಾಕ್ಷಿಯಾಗಿದೆ. ಆ ಹಾದಿಯನ್ನು ಪ್ರಾಥಮಿಕ ಶಾಲೆ ಹೇಗೆ ತೆರೆದಿಡಬಹುದೆಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿಜಾಮರ ಸಂಸ್ಥಾನದಲ್ಲಿ ತೆಲಂಗಾಣದ 8, ಮರಾಠವಾಡದ 5 ಜಿಲ್ಲೆಗಳೊಡನೆ ಕಲಬುರಗಿ, ರಾಯಚೂರು, ಬೀದರ ಎಂಬ 3 ಕನ್ನಡ ಜಿಲ್ಲೆಗಳಿದ್ದವು. ಪ್ರಾಥಮಿಕ ಹಂತದಲ್ಲಿ ದೇಶಭಾಷೆಗಳಿಗೆ ಅವಕಾಶವಿದ್ದರೂ ಮುಂದಿನ ತರಗತಿಗಳಲ್ಲಿ ಉರ್ದುವಿನದೇ ಪ್ರಾಬಲ್ಯ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನಾ ಮಾಧ್ಯಮವಾಗಿ ಅಂಗೀಕರಿಸಿ, ಪಠ್ಯಗ್ರಂಥಗಳ ರಚನೆಗಾಗಿ ಒಂದು ಅನುವಾದ ಸಂಸ್ಥೆಯನ್ನೇ ಹೊಂದಿತ್ತು. ಭಾರತೀಯ ಭಾಷೆಯೊಂದರಲ್ಲಿ ಉಚ್ಚ ಶಿಕ್ಷಣ ಸಾಧ್ಯವೆಂಬುದನ್ನು ತೋರಿಸಿದ ಆ ಸಾಹಸ ಮೆಚ್ಚತಕ್ಕದ್ದು. ಆದರೆ ಅದರ ಫಲವಾಗಿ ಕನ್ನಡದ ಹುಡುಗನ ಅನುಭವ ಏನಾಯಿತು? ನಾಲ್ಕನೆಯ ಇಯತ್ತೆಯವರೆಗೆ 'ಲೆಕ್ಕ' ಎಂದು ಕಲಿತದ್ದು ಮುಂದೆ 'ಹಿಸಾಬ್' ಆಯಿತು. 'ಭೂಗೋಳ' 'ಜುಗ್ರಾಫಿಯಾ' ಆಯಿತು. ಇತಿಹಾಸ 'ತಾರೀಖ್' ಆಯಿತು. ಹೆಸರು ಬದಲಾದದ್ದು ಸಣ್ಣ ಮಾತು. ವಿಷಯವನ್ನು ಕುರಿತು ಮುಂದೆ ಬೆಳೆಯಬೇಕಾಗಿದ್ದ ಕನ್ನಡದ ಶಬ್ದಭಂಡಾರ ಆ ಮಗುವಿನಲ್ಲಿ ಹತ್ತು ವರ್ಷದ ವಯಸ್ಸಿಗೇ ನಿಂತುಹೋಯಿತು. ಆ ಕಾಲದ ಕನ್ನಡ ಕಾರ್ಯಕರ್ತರ ಶ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ, ರಾಜಧಾನಿಯಲ್ಲಿ ಕನ್ನಡಿಗರು ನೆಲೆಗೊಳಿಸಿದ ಕರ್ನಾಟಕ ಸಾಹಿತ್ಯ ಮಂದಿರ, ಕಾಚಿಗುಡ ಪ್ರದೇಶದ ನೃಪತುಂಗ ಶಾಲೆ ಇವೆಲ್ಲ ಭಾಷಾಭಿಮಾನದ ಜೊತೆಗೆ ಈ ಕೊರತೆಯ ಅರಿವಿಗೂ ಋಣಿಯಾಗಿವೆ.

ನೃಪತುಂಗನ ಹೆಸರು ಇಲ್ಲಿ ವಿಶೇಷವಾಗಿ ಒಪ್ಪುತ್ತದೆ. ಆ ರಾಷ್ಟ್ರಕೂಟ ದೊರೆಯ ಆಶ್ರಯದಲ್ಲಿ ಶ್ರೀವಿಜಯನ 'ಕವಿರಾಜಮಾರ್ಗ' ಹುಟ್ಟಿದ ಸಂಗತಿಯನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವೂ ಅದೇ ಅಮೋಘವರ್ಷನ ಕಾಲದ್ದೆಂಬುದು ಕನ್ನಡ ತರಗತಿಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಒಂದು ಕನ್ನಡದಲ್ಲಿ ಕಾವ್ಯಲಕ್ಷಣವನ್ನು, ಇನ್ನೊಂದು ಸಂಸ್ಕೃತದಲ್ಲಿ ಲೆಕ್ಕವನ್ನು ನಿರೂಪಿಸಿದವು. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳಂಥ ಕೃತಿಗಳನ್ನು ಕನ್ನಡದಲ್ಲಿಯೇ ಬರೆದು ಗಣಿತವನ್ನು ಪದ್ಯಕ್ಕೆ ಒಗ್ಗಿಸಿದನು. ಸಾಹಿತ್ಯ ಚರಿತ್ರೆಗಳು ಅವನಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಸಾಗುವುದುಂಟು. ಗಣಿತವನ್ನೂ ಸಾಹಿತ್ಯವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂಡಿಸುವ ಅಭ್ಯಾಸ ಪ್ರಾಥಮಿಕ ಶಾಲೆಯದು ಮಾತ್ರವಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

1948ರ ಪೋಲೀಸ್ ಕಾರ್ಯಾಚರಣೆಯ ನಂತರ ಉರ್ದುವಿನ ಪ್ರಾಬಲ್ಯ ಕುಗ್ಗಿತು. 1956ರ ನವೆಂಬರ್ 1ರಂದು ಮೂರು ಕನ್ನಡ ಜಿಲ್ಲೆಗಳು ವಿಶಾಲ ಮೈಸೂರಿಗೆ ಸೇರಿದವು. ಹೈದರಾಬಾದ್ ನಗರ ಆಂಧ್ರಪ್ರದೇಶದ ರಾಜಧಾನಿಯಾಯಿತು. ಒಂದೇ ದಿನದಲ್ಲಿ ನಗರದ ಕನ್ನಡಿಗರು ಸಂಸ್ಥಾನದ ಒಂದು ಮುಖ್ಯ ಭಾಷಾವರ್ಗವೆಂಬ ಸ್ಥಾನವನ್ನು ಕಳೆದುಕೊಂಡು ಭಾಷಾ ಅಲ್ಪಸಂಖ್ಯಾತರಾದರು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿತು. ಇದಕ್ಕೆ ಮೊದಲೇ, 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಶಾಲೆಯಲ್ಲಿ ಒಟ್ಟು 40 ಅಥವಾ ತರಗತಿಯೊಂದರಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರೊಬ್ಬರನ್ನು ನೇಮಿಸಬೇಕೆಂದು ನಿರ್ಣಯಿಸಿತ್ತು. ಮಕ್ಕಳ ಹಕ್ಕಿನ 2009ರ ಕಾಯಿದೆಯೂ ಬೋಧನಾ ಮಾಧ್ಯಮವು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆನ್ನುತ್ತದೆ. 2014ರಲ್ಲಿ ತೆಲಂಗಾಣ ರಾಜ್ಯ ಉದಯವಾದ ಮೇಲೆ, 2018ರ ಕಾಯಿದೆಯ ಮೂಲಕ ಎಲ್ಲ ಶಾಲೆಗಳಲ್ಲಿ ತೆಲುಗು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು; 2022-23ರಿಂದ ಸರಕಾರಿ ಶಾಲೆಗಳ 1ರಿಂದ 8ನೆಯ ತರಗತಿಗಳಲ್ಲಿ ಇಂಗ್ಲಿಷ್ ಮಾಧ್ಯಮ ಬಂದಿತು. ನಾರಾಯಣಪೇಟ ಜಿಲ್ಲೆಯ ಕೃಷ್ಣಾ ಮಂಡಲದಂಥ ಗಡಿಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಗೆ ಊರಿನ ಮಾತೇ ಆಸರೆ. ನಗರದ ಕನ್ನಡ ಮಗುವಿಗೆ ಬೀದಿಯಲ್ಲಿ ತೆಲುಗು ಮತ್ತು ದಖನಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕಲಬುರಗಿ ಅಥವಾ ಬೀದರ ಸೀಮೆಯ ಕನ್ನಡ. ಕನ್ನಡ ಕಲಿಸುವ ಶಾಲೆ ಸಿಕ್ಕರೂ ಅನೇಕ ಕಡೆ ಅದು ಒಂದು ಅವಧಿಯ ವಿಷಯ.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 1 ಮತ್ತು 2ನೆಯ ತರಗತಿಗಳಲ್ಲಿ ಪರಿಸರ ಅಧ್ಯಯನಕ್ಕೆ ಪ್ರತ್ಯೇಕ ಸ್ಥಾನ ಕೊಡದೆ, ಅದನ್ನು ಭಾಷೆ ಮತ್ತು ಗಣಿತದ ಮೂಲಕವೇ ಕಲಿಸಬೇಕೆಂದಿತು. ತತ್ತ್ವ ಸರಿಯಾದುದೇ. ಆದರೆ ಗಣಿತ ಇಂಗ್ಲಿಷಿನಲ್ಲಿ, ಭಾಷೆಯ ಅವಧಿಗಳು ಇಂಗ್ಲಿಷ್, ತೆಲುಗು, ಕನ್ನಡಗಳಲ್ಲಿ ಹಂಚಿಹೋಗಿರುವಾಗ, ಗಿಡ, ನೀರು, ನೆಂಟರು, ಸಂತೆ ಇವುಗಳನ್ನು ಹೊರುವ ಭಾಷೆ ಯಾವುದು? ಉತ್ತರವನ್ನು ಶಾಲೆ ಪ್ರಜ್ಞಾಪೂರ್ವಕವಾಗಿ ಕೊಟ್ಟುಕೊಳ್ಳದಿದ್ದರೆ ಯಾವ ಭಾಷೆಯೂ ಅವನ್ನು ಹೊರುವುದಿಲ್ಲ.

ವಿಷಯಗಳನ್ನು ಒಂದರೊಡನೊಂದು ಹೆಣೆದು ಕಲಿಸುವ ವಿಚಾರ ಹೊಸದೇನಲ್ಲ. 1937ರ ವಾರ್ಧಾ ಸಮ್ಮೇಳನದ ನಂತರ ಮೂಲ ಶಿಕ್ಷಣ ಯೋಜನೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಡಾ. ಜಾಕಿರ್ ಹುಸೇನರು, ಅವರು ಹುಟ್ಟಿದ್ದು 1897ರಲ್ಲಿ, ಇದೇ ಹೈದರಾಬಾದಿನಲ್ಲಿ. ಕೈಕಸುಬು, ಪ್ರಾಕೃತಿಕ ಪರಿಸರ, ಸಾಮಾಜಿಕ ಪರಿಸರ ಈ ಮೂರನ್ನು ಕೇಂದ್ರವಾಗಿಟ್ಟುಕೊಂಡು, ಮಾತೃಭಾಷೆಯಲ್ಲಿ, ಎಲ್ಲ ವಿಷಯಗಳನ್ನೂ ಸಹಸಂಬಂಧದಿಂದ ಕಲಿಸಬೇಕೆಂಬುದು ಆ ಯೋಜನೆಯ ತಿರುಳು. ಆಚರಣೆಯಲ್ಲಿ ಅದು ಎಷ್ಟೋ ಕಡೆ ಯಾಂತ್ರಿಕವಾಯಿತೆಂಬುದನ್ನು ಮರೆಯಬಾರದು. ತಕಲಿಯಿಂದ ಅಶೋಕನವರೆಗೆ ಹೇಗಾದರೂ ಎಳೆ ಎಳೆಯಲೇಬೇಕೆಂಬ ಹಟ ಪಾಠವನ್ನು ನಗೆಪಾಟಲಾಗಿಸುತ್ತದೆ. 1984ರಿಂದ ಬ್ರಿಟನ್ನಿನ ನೆರವಿನೊಡನೆ ನಡೆದ ಆಂಧ್ರಪ್ರದೇಶ ಪ್ರಾಥಮಿಕ ಶಿಕ್ಷಣ ಯೋಜನೆ ಹೆಚ್ಚು ವ್ಯಾವಹಾರಿಕವಾಗಿತ್ತು. ಶಿಕ್ಷಕರೇ ರೂಪಿಸಿದ ಚಟುವಟಿಕೆ, ಮಾಡಿ ಕಲಿಯುವುದು, ಗುಂಪಿನ ಕೆಲಸ, ಮಕ್ಕಳ ವ್ಯತ್ಯಾಸಗಳಿಗೆ ಮನ್ನಣೆ, ಸ್ಥಳೀಯ ಪರಿಸರದ ಬಳಕೆ, ಮಕ್ಕಳ ಕೃತಿಗಳ ಪ್ರದರ್ಶನ ಎಂಬ ಆರು ಸೂತ್ರಗಳನ್ನು ಅದು ಮುಂದಿಟ್ಟಿತು. ಭಾಷೆ ಎಲ್ಲ ಅಧ್ಯಾಪಕರ ಹೊಣೆಯೆಂಬ ಮಾತು ಇಂಗ್ಲೆಂಡಿನಲ್ಲಿ 1975ರ ಬುಲಕ್ ವರದಿಯಿಂದ ಪ್ರಸಿದ್ಧಿಗೆ ಬಂದಿತು. ಆ ವರದಿ ಇಂಗ್ಲಿಷನ್ನೇ ಮಾಧ್ಯಮವಾಗುಳ್ಳ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೈದರಾಬಾದಿನ ಕನ್ನಡ ಅಧ್ಯಾಪಕರ ಸ್ಥಿತಿ ಅದಕ್ಕೆ ತಿರುಗುಮುರುಗು: ಇಲ್ಲಿ ಎಲ್ಲ ವಿಷಯಗಳಿಗೂ ಭಾಷೆ ಹೋಗಲಾರದಾಗ, ಭಾಷೆಯ ಅವಧಿಗೇ ಎಲ್ಲ ವಿಷಯಗಳನ್ನೂ ಕರೆತರಬೇಕಾಗಿದೆ.

ಇದು ಹೇಗೆ ಸಾಧ್ಯವೆಂಬುದಕ್ಕೆ ಸಂಖ್ಯಾವಾಚಕಗಳನ್ನು ನೋಡಬಹುದು. ಕನ್ನಡದ 'ಇಪ್ಪತ್ತೊಂದು', 'ಮೂವತ್ತಾರು' ಎಂಬ ಮಾತುಗಳಲ್ಲಿ ಹತ್ತರ ಸ್ಥಾನ ಮೊದಲು, ಬಿಡಿ ಸ್ಥಾನ ಅನಂತರ. ಅಂಕಿಯಲ್ಲಿ ಬರೆಯುವ ಕ್ರಮವೂ ಅದೇ. ತೆಲುಗಿನಲ್ಲಿಯೂ ಹಾಗೆಯೇ. ಉರ್ದುವಿನ 'ಇಕ್ಕೀಸ್', 'ಛತ್ತೀಸ್' ಮುಂತಾದವುಗಳಲ್ಲಿ ಭಾಗಗಳು ಬೆಸೆದುಹೋಗಿ, ನೂರರವರೆಗಿನ ಪದಗಳನ್ನು ಮಗು ಬಹುಮಟ್ಟಿಗೆ ಒಂದೊಂದಾಗಿ ನೆನಪಿಡಬೇಕು. ಇಂಗ್ಲಿಷಿನ ಹದಿಮೂರರಿಂದ ಹತ್ತೊಂಬತ್ತರವರೆಗೆ ಬಿಡಿ ಸಂಖ್ಯೆಯೇ ಮುಂದೆ ಬಂದು ಕುಳಿತಿದೆ. ಕನ್ನಡದ 'ಹದಿಮೂರು' ಎಂಬಲ್ಲಿ ಹತ್ತು ಮೊದಲು ಕೇಳಿಸುತ್ತದೆ. ಸ್ಥಾನಬೆಲೆಯ ಪಾಠವನ್ನು ಇಂಗ್ಲಿಷಿನಲ್ಲಿ ಕೇಳಿ ಗೊಂದಲಗೊಂಡ ಮಗುವಿಗೆ ಕನ್ನಡದ ಅವಧಿಯಲ್ಲಿ ಸಂಖ್ಯಾಪದಗಳನ್ನು ಬಿಡಿಸಿ ಬರೆಯಲು ಹೇಳಿದರೆ, 'ಇಪ್ಪತ್ತು + ಒಂದು' ಎಂಬ ಸಂಧಿಕಾರ್ಯವೇ ಗಣಿತದ ಕಾರ್ಯವೂ ಆಗುತ್ತದೆ. ಉರ್ದುವಿನ 'ಉಂತೀಸ್' ಮೂವತ್ತಕ್ಕೆ ಒಂದು ಕಡಿಮೆ ಎಂಬ ಭಾವದ್ದು. ಕನ್ನಡದ 'ಇಪ್ಪತ್ತೊಂಬತ್ತು' ಕೂಡಿ ಬಂದದ್ದು. ಹಾಗೆಂದು ಕನ್ನಡ ಎಲ್ಲೆಲ್ಲೂ ಕೂಡುವ ಭಾಷೆಯೆಂದು ಬೀಗಬೇಕಾಗಿಲ್ಲ. 'ಒಂಬತ್ತು' ಎಂಬುದನ್ನೇ ಹತ್ತಕ್ಕೆ ಒಂದು ಕಡಿಮೆ ಎಂದು ವಿವರಿಸುವ ವಿದ್ವಾಂಸರಿದ್ದಾರೆ.

ಭಿನ್ನರಾಶಿಯ ವಿಷಯ ಇದಕ್ಕಿಂತ ಸ್ವಾರಸ್ಯಕರವಾದುದು. 'ಮುಕ್ಕಾಲು' ಎಂದರೆ ಮೂರು ಕಾಲು. ವ್ಯಾಕರಣದಲ್ಲಿ ಇದು ದ್ವಿಗು ಸಮಾಸ, ಗಣಿತದಲ್ಲಿ ಅಂಶ 3, ಛೇದ 4. ಸಮಾಸದ ಪೂರ್ವಪದ ಅಂಶವನ್ನು, ಉತ್ತರಪದ ಛೇದವನ್ನು ಹೇಳುತ್ತದೆ. 'ಒಂದೂವರೆ', 'ಎರಡೂವರೆ'ಗಳಲ್ಲಿ ವಕಾರಾಗಮವಿದೆ. ನಡುವಣ 'ಊ' ಎಂಬ ಸಮುಚ್ಚಯವೇ ಕೂಡುವ ಚಿಹ್ನೆ. ಪೂರ್ಣಾಂಕಕ್ಕೂ ಭಿನ್ನಾಂಕಕ್ಕೂ ನಡುವೆ ಇರುವುದು ಸಂಕಲನವೆಂಬ ಮಿಶ್ರ ಭಿನ್ನರಾಶಿಯ ತತ್ತ್ವವನ್ನು ಈ ಒಂದು ಸ್ವರ ಹೇಳಿಬಿಡುತ್ತದೆ. ಈಗ ಹೈದರಾಬಾದಿನ ಬಜಾರಿಗೆ ಬರೋಣ. ಅಲ್ಲಿ 1½ಕ್ಕೆ 'ಡೇಢ್', 2½ಕ್ಕೆ 'ಢಾಯಿ' ಎಂಬ ಸ್ವತಂತ್ರ ಪದಗಳು, 1¼ಕ್ಕೆ 'ಸವಾ', 1¾ಕ್ಕೆ 'ಪೌನೇ ದೋ', ಅಂದರೆ ಎರಡಕ್ಕೆ ಕಾಲು ಕಡಿಮೆ. ಕನ್ನಡದ 'ಒಂದೂಮುಕ್ಕಾಲು' 1 + ¾ ಆದರೆ ಉರ್ದುವಿನದು 2 - ¼. ಮೌಲ್ಯ ಒಂದೇ, ತಲುಪುವ ದಾರಿ ಬೇರೆ. ಸಮಾನತೆಯ ಈ ಪಾಠಕ್ಕೆ ಬೇಕಾದ ಸಾಮಗ್ರಿ ತರಕಾರಿ ಅಂಗಡಿಯಲ್ಲಿಯೇ ಇದೆ. ಕಲಬುರಗಿ ಕಡೆಯ ಮನೆಯ ಮಗುವಾದರೆ 'ದೀಡ ನೂರು', 'ಪಾವ ಕಿಲೋ' ಎಂಬ ಮಾತುಗಳನ್ನು ಅಜ್ಜಿಯ ಬಾಯಲ್ಲಿ ಕೇಳಿಯೇ ಇರುತ್ತದೆ. ಇವನ್ನು 'ಅಶುದ್ಧ ಕನ್ನಡ'ವೆಂದು ತಿದ್ದಿ ಹಾಕುವ ಅಧ್ಯಾಪಕರು ತಮ್ಮ ಕೈಯಲ್ಲಿದ್ದ ಒಳ್ಳೆಯ ಪಾಠೋಪಕರಣವನ್ನು ತಾವೇ ಬಿಸಾಡಿದಂತಾಗುತ್ತದೆ. ನಾಲ್ಕನೆಯ ತರಗತಿಯ ಮಕ್ಕಳು ಮನೆಯಲ್ಲಿ, ಅಂಗಡಿಯಲ್ಲಿ, ಪುಸ್ತಕದಲ್ಲಿ ಒಂದೇ ಅಳತೆಗೆ ಬಳಸುವ ಮಾತುಗಳನ್ನು ಪಟ್ಟಿಮಾಡಿ, ಪ್ರತಿಯೊಂದನ್ನೂ ಕೂಡುವ ಅಥವಾ ಕಳೆಯುವ ಲೆಕ್ಕವಾಗಿ ಬರೆದರೆ, ಒಂದು ವಾರದ ಕನ್ನಡ ಪಾಠವೂ ಗಣಿತ ಪಾಠವೂ ಏಕಕಾಲದಲ್ಲಿ ಮುಗಿಯುತ್ತವೆ.

ತೆಲುಗು ಕಡ್ಡಾಯವಾದದ್ದನ್ನು ಕನ್ನಡಕ್ಕೆ ಬಂದ ಹೊರೆಯೆಂದು ಮಾತ್ರ ಎಣಿಸುವವರಿದ್ದಾರೆ. ಅವಧಿಗಳ ಹಂಚಿಕೆಯಲ್ಲಿ ಅದು ಹೊರೆಯೇ ಸರಿ. ಬೋಧನೆಯ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಮುಖವುಂಟು. ರೇಖಾಗಣಿತದ 'ಸುತ್ತಳತೆ'ಗೆ ತೆಲುಗಿನ ಪದ 'ಚುಟ್ಟುಕೊಲತ'. 'ಚುಟ್ಟು', 'ಸುತ್ತು' ಎರಡೂ ಒಂದೇ ದ್ರಾವಿಡ ಮೂಲದವು. ಇಂಗ್ಲಿಷಿನ ಪಾರಿಭಾಷಿಕ ಪದ ಮಗುವಿಗೆ ಏನನ್ನೂ ತೋರಿಸದು. ಈ ಎರಡು ಪದಗಳು ಹೊಲದ ಸುತ್ತ ನಡೆದು ಬರುವ ಮನುಷ್ಯನನ್ನೇ ತೋರಿಸುತ್ತವೆ. ಆದರೆ ಸಂಸ್ಕೃತ ಪದಗಳ ವಿಚಾರದಲ್ಲಿ ಎಚ್ಚರ ಬೇಕು. ತೆಲುಗಿನ 'ಅವಸರಂ' ಅಗತ್ಯ, ಕನ್ನಡದ 'ಅವಸರ' ಆತುರ. ತೆಲುಗಿನ 'ಆಲಸ್ಯಂ' ತಡ, ಕನ್ನಡದ 'ಆಲಸ್ಯ' ಸೋಮಾರಿತನ. ತೆಲುಗಿನಿಂದ ಪಾಠವನ್ನು ಕನ್ನಡಿಸುವವರು ಅಕ್ಷರ ಬದಲಿಸಿ ಸುಮ್ಮನಾದರೆ 'ಸಸ್ಯಗಳಿಗೆ ನೀರಿನ ಅವಸರ' ಉಂಟಾಗುತ್ತದೆ. ವಿಜ್ಞಾನದ ಪಠ್ಯಗಳ ಅನುವಾದವನ್ನು ಕನ್ನಡದ ಭಾಷಾಧ್ಯಾಪಕರು ಒಮ್ಮೆ ಓದಲೇಬೇಕೆನ್ನುವುದು ಈ ಕಾರಣಕ್ಕೆ.

ಪರಿಸರ ಅಧ್ಯಯನಕ್ಕೆ ಸಂಬಂಧಿಸಿ ನೀರಿನ ಪಾಠವೊಂದನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಹೈದರಾಬಾದಿನ ನಲ್ಲಿಗಳಿಗೆ ಬರುವ ನೀರಿನ ಚರಿತ್ರೆ ಕನ್ನಡ ಮಗುವಿಗೆ ತೀರ ಹತ್ತಿರದ್ದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರ ನಗರವನ್ನು ಕೊಚ್ಚಿಹಾಕಿತು. ಪರಿಹಾರ ಸೂಚಿಸಲು 1909ರಲ್ಲಿ ಕರೆಸಿಕೊಂಡ ಎಂಜಿನಿಯರು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು. ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸಬೇಕೆಂಬ ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನಗರ ಬೆಳೆದಂತೆ ಅವು ಸಾಲದೆ ಮಂಜೀರಾ ನದಿಯ ನೀರು ಬಂದಿತು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾಯ್ದು, ತೆಲಂಗಾಣಕ್ಕೆ ಬಂದು, 724 ಕಿಲೋಮೀಟರು ಹರಿದು ಗೋದಾವರಿಯನ್ನು ಸೇರುವ ನದಿಯದು. 2004ರಲ್ಲಿ ಕೃಷ್ಣೆಯ ನೀರು, 2015ರಲ್ಲಿ ಗೋದಾವರಿಯ ನೀರು ನಗರಕ್ಕೆ ಹರಿದವು. ಬೀದರಿನಿಂದ ಬಂದ ಕುಟುಂಬದ ಮಗು ತನ್ನ ಅಜ್ಜನ ಊರಿನ ಹೊಳೆಯ ನೀರನ್ನೇ ಇಲ್ಲಿಯೂ ಕುಡಿದಿರುವ ಸಂಭವವುಂಟು. ನಕಾಶೆಯಲ್ಲಿ ಬೆರಳಿಟ್ಟು ಈ ನದಿಯನ್ನು ಹಿಂಬಾಲಿಸುವುದು ಭೂಗೋಳ. ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ, ಎಷ್ಟು ಬಕೆಟ್ ನೀರು ಖರ್ಚಾಗುತ್ತದೆಂದು ಬರೆದಿಟ್ಟು ಲೀಟರಿಗೆ ಪರಿವರ್ತಿಸುವುದು ಗಣಿತ.

ಕನ್ನಡದ ಪಾಲು ಇಲ್ಲಿ ಏನು? ಮಂಜೀರೆಯನ್ನು ಕುರಿತು ಹತ್ತು ಸಾಲಿನ ಪ್ರಬಂಧ ಬರೆಸಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಅದಕ್ಕಿಂತ ಉಪಯುಕ್ತವಾದುದು ಕ್ರಿಯಾಪದಗಳ ಕಡೆಗೆ ಮಕ್ಕಳ ಕಿವಿ ತೆರೆಸುವುದು. ನೀರು ಕಾಣದಾಗುವುದನ್ನು ಕನ್ನಡ ಎಷ್ಟು ಬಗೆಯಾಗಿ ಹೇಳುತ್ತದೆ: ಒದ್ದೆಯ ನೆಲ ಆರುತ್ತದೆ, ಬಟ್ಟೆ ಒಣಗುತ್ತದೆ, ಬಾವಿ ಬತ್ತುತ್ತದೆ, ಮಳೆಯ ನೀರು ಮಣ್ಣಿನಲ್ಲಿ ಇಂಗುತ್ತದೆ, ಬಿರುಕುಬಿಟ್ಟ ಕೊಡ ಸೋರುತ್ತದೆ. ಇವುಗಳಲ್ಲಿ ನೀರು ಆವಿಯಾಗಿ ಮೇಲೆ ಹೋದದ್ದು ಯಾವುದು, ಕೆಳಗಿಳಿದದ್ದು ಯಾವುದು, ಎರಡೂ ನಡೆಯಬಹುದಾದದ್ದು ಯಾವುದು ಎಂದು ವಿಂಗಡಿಸಲು ಹೇಳಿದರೆ ಮಕ್ಕಳು ವಿಜ್ಞಾನವನ್ನೇ ಮಾಡುತ್ತಿರುತ್ತಾರೆ. ಬಾವಿ ಬತ್ತುವುದರ ಬಗ್ಗೆ ಅವರಲ್ಲಿ ವಾದ ಹುಟ್ಟುವುದು ಖಂಡಿತ, ಹುಟ್ಟಬೇಕಾದುದೂ ಹೌದು. ಇಂಗ್ಲಿಷ್ ಪುಸ್ತಕದಲ್ಲಿ ಮಗು ಕಂಠಪಾಠ ಮಾಡಿದ ಎರಡು ದೀರ್ಘ ಪಾರಿಭಾಷಿಕ ಪದಗಳ ಕೆಳಗೆ 'ಆರು', 'ಇಂಗು' ಎಂಬ ಎರಡಕ್ಷರದ ಮಾತುಗಳು ಬಂದು ಕುಳಿತಾಗ ಆ ಪದಗಳಿಗೆ ಅರ್ಥ ಬರುತ್ತದೆ. ಧಾತು, ಸಕರ್ಮಕ, ಅಕರ್ಮಕಗಳ ಚರ್ಚೆಗೂ ಇಲ್ಲಿಂದಲೇ ದಾರಿ: ನೀರು ತಾನಾಗಿ ಇಂಗುವುದಕ್ಕೂ ರೈತ ಅದನ್ನು ಇಂಗಿಸುವುದಕ್ಕೂ ವ್ಯಾಕರಣದಲ್ಲಿ ಒಂದು ಪ್ರತ್ಯಯದ ಅಂತರ, ಬೇಸಾಯದಲ್ಲಿ ಒಂದು ಬದುವಿನ ಅಂತರ.

ಇದೇ ಮಾದರಿಯನ್ನು ಇನ್ನೆಷ್ಟೋ ಕಡೆ ವಿಸ್ತರಿಸಬಹುದು. ಹಳೆಯ ಕಟ್ಟಡಗಳ ನೆಲಕ್ಕೆ ಹಾಸಿದ ಶಹಾಬಾದ್ ಪರಸಿಯನ್ನು ಎಣಿಸಿ ವಿಸ್ತೀರ್ಣ ಕಂಡುಹಿಡಿಯುವುದು, ಆ ಕಲ್ಲು ಭೀಮಾ ತೀರದ ಸುಣ್ಣಕಲ್ಲೆಂದು ತಿಳಿಯುವುದು ಒಂದು ದಿನದ ಕೆಲಸ. 1874ರಲ್ಲಿ ಆರಂಭವಾದ ವಾಡಿ-ಸಿಕಂದರಾಬಾದ್ ರೈಲುಮಾರ್ಗದ ವೇಳಾಪಟ್ಟಿ ಕಾಲ ಮತ್ತು ದೂರದ ಲೆಕ್ಕಗಳಿಗೆ ಒದಗುತ್ತದೆ. ಅದರಲ್ಲಿ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಬಂದಾಗ ಮಾನ್ಯಖೇಟದ ಮಾತು ತಾನಾಗಿಯೇ ಬರುತ್ತದೆ. ಎಲ್ಲವನ್ನೂ ಎಲ್ಲದಕ್ಕೂ ಗಂಟುಹಾಕುವ ಅಗತ್ಯವಿಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡಿಸಬೇಕಾದಲ್ಲಿ ಮಾಡಿಸಲೇಬೇಕು. ಒಳ್ಳೆಯ ಪದ್ಯವೊಂದನ್ನು ಯಾವ ವಿಷಯದ ಊಳಿಗಕ್ಕೂ ಹಚ್ಚದೆ ಪದ್ಯವಾಗಿಯೇ ಓದಿಸಬೇಕು. ಐಗಳ ಮಠದಲ್ಲಿ ಉಸುಕಿನ ಮೇಲೆ ಅಕ್ಷರವನ್ನೂ ಅಂಕಿಯನ್ನೂ ತಿದ್ದಿಸಿದ ಗುರುಗಳು ಅವೆರಡನ್ನೂ ಬೇರೆ ವಿಷಯಗಳೆಂದು ಎಣಿಸಿದ್ದಿಲ್ಲ. ಒಬ್ಬನೇ ಗುರು, ಒಂದೇ ಹಲಗೆ. ವಿಷಯಗಳು ಒಡೆದದ್ದು ಅಧ್ಯಾಪಕರು ಒಡೆದ ಮೇಲೆ.

ಆದುದರಿಂದ ಅಡಚಣೆ ಇರುವುದು ಬಹುಮಟ್ಟಿಗೆ ಆಡಳಿತದಲ್ಲಿ. ಕನ್ನಡದ ಅಧ್ಯಾಪಕರಿಗೆ ಆ ವಾರ ಗಣಿತದಲ್ಲಿ ಯಾವ ಪಾಠ ನಡೆಯುತ್ತಿದೆಯೆಂಬುದು ತಿಳಿದಿರುವುದಿಲ್ಲ. ಗಣಿತದ ಅಧ್ಯಾಪಕರಿಗೆ ಕನ್ನಡ ಬಾರದಿರಬಹುದು. ಭಿನ್ನರಾಶಿಯ ಪಾಠಕ್ಕೆ ಒಂದೆರಡು ದಿನ ಮುಂಚಿತವಾಗಿ ಕನ್ನಡದ ಅವಧಿಯಲ್ಲಿ ಕಾಲು, ಅರೆ, ಮುಕ್ಕಾಲುಗಳ ಅಭ್ಯಾಸ ನಡೆಯಬೇಕಾದರೆ ಇಬ್ಬರ ಪಾಠಯೋಜನೆಯ ಪುಸ್ತಕಗಳೂ ವಾರಕ್ಕೊಮ್ಮೆ ಒಂದೇ ಮೇಜಿನ ಮೇಲೆ ತೆರೆದಿರಬೇಕು. ಇದಕ್ಕೆ ಹಣ ಬೇಕಾಗಿಲ್ಲ, ಮುಖ್ಯೋಪಾಧ್ಯಾಯರ ಅನುಮತಿ ಸಾಕು. ಮೌಲ್ಯಮಾಪನದ ತೊಡಕು ಇದಕ್ಕಿಂತ ಗಟ್ಟಿಯಾದುದು. 2009ರ ಕಾಯಿದೆಯು ನಿರಂತರ ಮತ್ತು ಸಮಗ್ರ ಮೌಲ್ಯಮಾಪನವನ್ನು ವಿಧಿಸಿದ್ದರೂ ಅಂಕಪಟ್ಟಿಯ ಕಲಮುಗಳು ಇಂದಿಗೂ ವಿಷಯವಾರು. 'ಒಂದೂಮುಕ್ಕಾಲು' ಎಂಬುದನ್ನು ಬಿಡಿಸಿ 1 + ¾ ಎಂದು ಬರೆದು, ಅದು 2 - ¼ಕ್ಕೆ ಸಮವೆಂದು ಬಜಾರಿನ ಮಾತಿನಿಂದ ಸಾಧಿಸಿದ ಮಗುವಿಗೆ ಅಂಕ ಕೊಡಬೇಕಾದವರು ಕನ್ನಡದವರೋ ಗಣಿತದವರೋ ಎಂಬುದು ನಿಶ್ಚಯವಾಗಿಲ್ಲ. ಅಲ್ಲಿಯವರೆಗೆ ಎರಡೂ ಕಲಮುಗಳಲ್ಲಿ ಒಂದೊಂದು ಅಂಕ ಬರೆಯುವುದಕ್ಕೆ ಯಾವ ನಿಯಮವೂ ಅಡ್ಡಿಯಾಗಿಲ್ಲ.